ನವ್ಯ ಸಂಗೀತದ ನಿರ್ದೇಶಕ: ಹಾನ್ಸ್ ರೋಸ್‌ಬೌಡ್

ನಮ್ಮ ಸಂಗೀತದಲ್ಲಿ ವಾಗ್ಗೇಯಕಾರನು ತನ್ನ ಕೃತಿಯನ್ನು ತಾನೇ ಹಾಡಿ ತೋರಿಸಬಲ್ಲನು. ಶಿಷ್ಯನು ಅದನ್ನು ಕೇಳಿ ಕಲಿಯುತ್ತಾನೆ. ಪಾಶ್ಚಾತ್ಯ ವಾದ್ಯವೃಂದದ ರಚನೆಗೆ ಈ ಸೌಲಭ್ಯವಿಲ್ಲ. ಎಂಬತ್ತು ತೊಂಬತ್ತು ವಾದಕರಿಗಾಗಿ ಬರೆದ ಕೃತಿಯು ಅವರೆಲ್ಲರೂ ಕೂಡಿ ನುಡಿಸುವವರೆಗೆ ಬರಿಯ ಸ್ವರಲಿಪಿಯಾಗಿಯೇ ಉಳಿದಿರುತ್ತದೆ. ಅದನ್ನು ನಾದವಾಗಿಸುವ ಹೊಣೆ ವೃಂದದ ನಿರ್ದೇಶಕನದು. ಹಳೆಯ ಕೃತಿಗಳ ವಿಷಯದಲ್ಲಿ ಈ ಹೊಣೆ ಅಷ್ಟು ಭಾರವಾದುದಲ್ಲ. ಬೀತೋವನನ ಕೃತಿಯನ್ನು ಕೆಡಿಸಿದರೆ ದೋಷ ಯಾರದೆಂಬುದು ಸಭೆಗೆ ಒಡನೆಯೇ ತಿಳಿಯುತ್ತದೆ. ಯಾರೂ ಕೇಳದ ಹೊಸ ಕೃತಿ ಕೆಟ್ಟಾಗಲಾದರೋ ಅಪವಾದ ಬರುವುದು ಅದನ್ನು ರಚಿಸಿದವನ ತಲೆಯ ಮೇಲೆ.

ಇದಕ್ಕೆ ಅರ್ನಾಲ್ಡ್ ಷೋನ್‌ಬರ್ಗನ ಅನುಭವವೇ ಸಾಕ್ಷಿ. ಆಧಾರಷಡ್ಜವೆಂಬುದನ್ನೇ ತೊರೆದು, ಹನ್ನೆರಡು ಸ್ವರಸ್ಥಾನಗಳಿಗೂ ಸಮಾನ ಗೌರವವಿತ್ತು ಅವನು ರಚಿಸಿದ ‘ವಾದ್ಯವೃಂದಕ್ಕಾಗಿ ರೂಪಾಂತರಗಳು’ ಎಂಬ ಕೃತಿಯನ್ನು 1928ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಫುರ್ಟ್‌ವೆಂಗ್ಲರ್ ಮೊದಲ ಬಾರಿಗೆ ನಡೆಸಿದನು. ನಿರ್ದೇಶಕನು ಮಹಾಪ್ರತಿಭಾವಂತ, ವೃಂದವೋ ಯೂರೋಪಿನಲ್ಲೇ ಶ್ರೇಷ್ಠವಾದುದು. ಆದರೆ ತಾಲೀಮು ಸಾಲದಾಯಿತು. ಸಭೆಯಲ್ಲಿ ಗದ್ದಲವೆದ್ದಿತು. ಮೂರು ವರ್ಷ ಕಳೆಯುವುದರೊಳಗೆ, 1931ರಲ್ಲಿ, ಫ್ರಾಂಕ್‌ಫರ್ಟ್ ರೇಡಿಯೋ ನಿಲಯದಲ್ಲಿ ಅದೇ ಕೃತಿಯನ್ನು ಕುರಿತು ಷೋನ್‌ಬರ್ಗ್ ಸ್ವತಃ ಉಪನ್ಯಾಸ ಮಾಡಿದನು. ಆ ಉಪನ್ಯಾಸದ ನಡುನಡುವೆ ನಿದರ್ಶನಗಳನ್ನು ನುಡಿಸಿ ತೋರಿಸಿದ ವೃಂದದ ಮುಂದೆ ನಿಂತಿದ್ದವನು ಹಾನ್ಸ್ ರೋಸ್‌ಬೌಡ್.

ರೋಸ್‌ಬೌಡ್ 1895ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ಜನಿಸಿದನು. ಫ್ರಾಂಕ್‌ಫರ್ಟಿನಲ್ಲಿ ಶಿಕ್ಷಣ ಪಡೆದು, ಮೈನ್ಸ್ ನಗರದ ಸಂಗೀತಶಾಲೆಯ ಮುಖ್ಯಸ್ಥನಾಗಿದ್ದು, 1929ರಲ್ಲಿ ಫ್ರಾಂಕ್‌ಫರ್ಟ್ ರೇಡಿಯೋಗೆ ಬಂದನು. ಈ ಬದಲಾವಣೆಯೇ ಅವನ ಜೀವನದ ತಿರುವು ಎಂದು ನಮಗೆ ತೋರುತ್ತದೆ. ಸಭಾಗೃಹದ ವೃಂದವು ಟಿಕೆಟ್ಟಿನ ಹಣವನ್ನು ನೆಚ್ಚಿ ಬದುಕಬೇಕು. ಮೂರು ನಾಲ್ಕು ತಾಲೀಮುಗಳಲ್ಲಿ ಕಚೇರಿ ಸಿದ್ಧವಾಗಬೇಕು. ರೇಡಿಯೋ ವೃಂದಕ್ಕೆ ಕೇಳುಗರು ಸಲ್ಲಿಸುವ ಶುಲ್ಕದ ಆಧಾರವಿತ್ತು. ಎಂದರೆ ಅದಕ್ಕೆ ಕಾಲಾವಕಾಶವಿತ್ತು. ಹೊಸ ಸಂಗೀತಕ್ಕೆ ಬೇಕಾದುದು ಅದೇ. ಷೋನ್‌ಬರ್ಗ್ ಮೊದಲ ಮಹಾಯುದ್ಧದ ಕಾಲದಲ್ಲಿ ರಚಿಸಿದ್ದ ನಾಲ್ಕು ವೃಂದಗೀತೆಗಳು 1932ರಲ್ಲಿ ಮೊದಲಿಗೆ ಕೇಳಿಬಂದದ್ದು ಇಲ್ಲಿಯೇ. 1933ರ ಜನವರಿ 23ರಂದು ಬಾರ್ಟೋಕನ ಎರಡನೆಯ ಪಿಯಾನೋ ಕನ್‌ಚೆರ್ಟೋ ಇಲ್ಲಿ ಪ್ರಥಮ ಪ್ರದರ್ಶನ ಕಂಡಿತು. ಪಿಯಾನೋ ನುಡಿಸಿದವನು ಬಾರ್ಟೋಕನೇ. ಅದಾದ ಒಂದು ವಾರಕ್ಕೆ ಹಿಟ್ಲರ್ ಅಧಿಕಾರಕ್ಕೆ ಬಂದನು.

ಮುಂದಿನ ಹನ್ನೆರಡು ವರ್ಷಗಳ ವಿಷಯವನ್ನು ಮರೆಮಾಚುವುದು ಯುಕ್ತವಲ್ಲ. ಷೋನ್‌ಬರ್ಗ್ ದೇಶಬಿಟ್ಟು ಹೋದನು. ಅವನ ಸಂಗೀತ ಜರ್ಮನಿಯಲ್ಲಿ ನಿಷಿದ್ಧವಾಯಿತು. ರೋಸ್‌ಬೌಡ್ ಹೋಗಲಿಲ್ಲ. 1937ರಲ್ಲಿ ಮ್ಯೂನ್‌ಸ್ಟರಿನಲ್ಲಿಯೂ 1941ರಿಂದ ಜರ್ಮನರು ವಶಪಡಿಸಿಕೊಂಡಿದ್ದ ಸ್ಟ್ರಾಸ್‌ಬರ್ಗಿನಲ್ಲಿಯೂ ಅಧಿಕಾರದಲ್ಲಿದ್ದು, ಅಪ್ಪಣೆಯಿದ್ದ ಸಂಗೀತವನ್ನು ನಡೆಸಿದನು. ಅವನ ಸಹೋದರ ಪೌಲ್ ರೋಸ್‌ಬೌಡ್ ವಿಜ್ಞಾನ ಪತ್ರಿಕೆಯ ಸಂಪಾದಕನಾಗಿ ಬರ್ಲಿನ್ನಿನಲ್ಲಿದ್ದುಕೊಂಡೇ ಬ್ರಿಟಿಷರಿಗೆ ಗುಪ್ತವಾರ್ತೆಗಳನ್ನು ಮುಟ್ಟಿಸುತ್ತಿದ್ದನು. ಒಂದೇ ಮನೆಯ ಇಬ್ಬರ ಈ ಎರಡು ದಾರಿಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದು ಸುಲಭವಲ್ಲ. 1945ರಲ್ಲಿ ಅಮೆರಿಕನ್ ಸೇನಾಡಳಿತವು ಮ್ಯೂನಿಕ್ ವೃಂದವನ್ನು ರೋಸ್‌ಬೌಡನಿಗೆ ಒಪ್ಪಿಸಿತೆಂಬುದನ್ನೂ, 1947ರಲ್ಲಿ ಷೋನ್‌ಬರ್ಗ್ ಅವನಿಗೆ ಸ್ನೇಹದಿಂದಲೇ ಪತ್ರ ಬರೆದನೆಂಬುದನ್ನೂ ಇಲ್ಲಿ ಹೇಳಬಹುದು. ಜನರು ತನ್ನ ರಾಗಗಳನ್ನು ಗುರುತಿಸಿ ಸಿಳ್ಳೆಯಲ್ಲಿ ಹಾಡಿಕೊಳ್ಳಬೇಕೆಂಬ ಆಸೆಯನ್ನು ಆ ಕಠಿಣ ಸಂಗೀತದ ಕರ್ತೃ ತೋಡಿಕೊಂಡದ್ದು ಈ ಪತ್ರದಲ್ಲಿಯೇ!

1948ರಲ್ಲಿ ರೋಸ್‌ಬೌಡ್ ಬಾಡೆನ್-ಬಾಡೆನ್ನಿನ ನೈಋತ್ಯ ಜರ್ಮನ್ ರೇಡಿಯೋ ವೃಂದದ ಮುಖ್ಯ ನಿರ್ದೇಶಕನಾದನು. ರೇಡಿಯೋ ಸಂಗೀತ ವಿಭಾಗದ ಮುಖ್ಯಸ್ಥನಾಗಿದ್ದ ಹೈನ್‌ರಿಕ್ ಸ್ಟ್ರೋಬೆಲ್ ಅವನ ಬೆಂಬಲಕ್ಕಿದ್ದನು. ಈ ವೃಂದವೇ 1950ರಿಂದ ಡೊನೌಎಷಿಂಗೆನ್ ಎಂಬ ಚಿಕ್ಕ ಊರಿನ ನವಸಂಗೀತೋತ್ಸವಕ್ಕೆ ಆಧಾರವಾಯಿತು. 1955ರ ಜೂನ್ 18ರಂದು ಬಾಡೆನ್-ಬಾಡೆನ್ನಿನಲ್ಲಿ ಪಿಯೆರ್ ಬುಲೇಜನ ‘ಒಡೆಯನಿಲ್ಲದ ಸುತ್ತಿಗೆ’ ಎಂಬ ಕೃತಿ ನಡೆಯಿತು. ಒಬ್ಬ ಗಾಯಕಿ, ಆರು ಮಂದಿ ವಾದಕರು, ಅಷ್ಟೆ. ಇದಕ್ಕಾಗಿ ಸುಮಾರು ಐವತ್ತು ತಾಲೀಮುಗಳು ನಡೆದುವೆಂದು ಹೇಳುತ್ತಾರೆ. ಕೃತಿಯಲ್ಲಿ ಲಯದ ಘಟಕಗಳು ಗಳಿಗೆಗಳಿಗೆಗೂ ಹಿಗ್ಗುತ್ತವೆ, ಕುಗ್ಗುತ್ತವೆ. ತಾಳದ ಆವರ್ತವೆಂಬ ಆಸರೆಯೇ ಇಲ್ಲ. ಕೇವಲ ಕೈಸನ್ನೆಯಿಂದ ಇದನ್ನು ಸಾಧಿಸಲಾಗದು. ಪ್ರತಿಯೊಬ್ಬ ವಾದಕನ ಮನಸ್ಸಿನೊಳಗೇ ಆ ಲೆಕ್ಕ ಕೂಡಬೇಕು.

ಇಷ್ಟು ಕಾಲಾವಕಾಶ ಎಲ್ಲೆಡೆಯೂ ದೊರೆಯುತ್ತಿರಲಿಲ್ಲ. ಷೋನ್‌ಬರ್ಗ್ 1951ರಲ್ಲಿ ತೀರಿಕೊಂಡಾಗ ಅವನ ‘ಮೋಸೆಸ್ ಮತ್ತು ಆರೋನ್’ ಎಂಬ ಗೀತನಾಟಕ ಮೂರನೆಯ ಅಂಕದ ಸಂಗೀತವಿಲ್ಲದೆ ಅಪೂರ್ಣವಾಗಿಯೇ ಉಳಿದಿತ್ತು. ಅದನ್ನು ನುಡಿಸುವುದು ಅಸಾಧ್ಯವೆಂಬ ಭಾವನೆ ಹಬ್ಬಿತ್ತು. 1954ರ ಮಾರ್ಚಿ 12ರಂದು ಹ್ಯಾಂಬರ್ಗ್ ರೇಡಿಯೋ ಅದನ್ನು ಕಚೇರಿಯ ರೂಪದಲ್ಲಿ ನಡೆಸಲು ಗೊತ್ತುಮಾಡಿತು. ನಿಯಮಿತನಾಗಿದ್ದ ನಿರ್ದೇಶಕನು ಅಸ್ವಸ್ಥನಾಗಲು, ಪ್ರದರ್ಶನಕ್ಕೆ ಸುಮಾರು ಒಂದು ವಾರವಿದ್ದಾಗ ರೋಸ್‌ಬೌಡನಿಗೆ ಕರೆ ಬಂದಿತು. ಮೇಳದವರು ದೀರ್ಘಕಾಲದಿಂದ ಕಲಿತು ಸಿದ್ಧರಾಗಿದ್ದರೆಂಬುದು ನಿಜ. ಆದರೂ ಒಂದೂವರೆ ಗಂಟೆಗೂ ಮೀರಿದ, ಎಲ್ಲಿಯೂ ಪರಿಚಿತವಾದ ಸ್ವರಸಂಧಿಯಿಲ್ಲದ ಆ ಬೃಹದ್ಗ್ರಂಥವನ್ನು ಅಷ್ಟು ದಿನಗಳಲ್ಲಿ ಕರಗತ ಮಾಡಿಕೊಂಡದ್ದು ಅವನ ಹಿಂದಿನ ಇಪ್ಪತ್ತೈದು ವರ್ಷಗಳ ವ್ಯವಸಾಯದ ಫಲವೇ ಹೊರತು ಪವಾಡವಲ್ಲ. 1957ರಲ್ಲಿ ಸೂರಿಕ್ ನಗರದಲ್ಲಿ ಅದನ್ನು ಮೊದಲು ರಂಗಕ್ಕೆ ತಂದಾಗಲೂ ನಿರ್ದೇಶಕನು ಅವನೇ.

ಮುಂದಿನ ತಲೆಮಾರಿನ ಕೃತಿಗಳು ಬೇರೆಯೇ ಬಗೆಯ ಸಮಸ್ಯೆಯನ್ನು ತಂದೊಡ್ಡಿದವು. 1955ರಲ್ಲಿ ಅವನು ನಡೆಸಿದ ಕ್ಸೆನಾಕಿಸನ ‘ಮೆಟಾಸ್ಟಾಸಿಸ್’ ಕೃತಿಯಲ್ಲಿ ಪ್ರತಿಯೊಬ್ಬ ತಂತಿವಾದಕನಿಗೂ ಪ್ರತ್ಯೇಕ ಸ್ವರಪಂಕ್ತಿಯಿದೆ. ನಾವು ಜಾರು ಎನ್ನುವಂತಹ ಚಲನೆಯಲ್ಲಿ ನಲವತ್ತಕ್ಕೂ ಹೆಚ್ಚು ವಾದ್ಯಗಳು ತಮ್ಮ ತಮ್ಮ ವೇಗದಲ್ಲಿ ಒಮ್ಮೆಲೇ ಸರಿಯುತ್ತವೆ. 1961ರ ಅಕ್ಟೋಬರಿನಲ್ಲಿ ನಡೆಸಿದ ಲಿಗೆಟಿಯ ‘ಅಟ್ಮಾಸ್ಫಿಯರ್’ ಕೃತಿಯಲ್ಲಿ ಸ್ವರಲಿಪಿಯೇನೋ ಸಾಮಾನ್ಯವಾದ ನಾಲ್ಕೆಣಿಕೆಯಲ್ಲಿದೆ. ಆದರೆ ಆ ಎಣಿಕೆ ಕೇಳುಗನ ಕಿವಿಗೆ ಎಲ್ಲಿಯೂ ತಾಕಕೂಡದು. ಹೀಗಾಗಿ ತಾಳವನ್ನು ತೋರಿಸುತ್ತಲೇ ಅದನ್ನು ಅಡಗಿಸುವ ವಿಚಿತ್ರ ಕರ್ತವ್ಯ ನಿರ್ದೇಶಕನದಾಯಿತು. ಇಂತಹವನು ಎಕ್ಸ್-ಆನ್-ಪ್ರೋವಾನ್ಸ್ ಉತ್ಸವದಲ್ಲಿ ಮೋಟ್ಸಾರ್ಟನ ಗೀತನಾಟಕಗಳಿಗೂ ಹೆಸರಾಗಿದ್ದನೆಂಬುದು ಆಶ್ಚರ್ಯವಲ್ಲ. ಎರಡಕ್ಕೂ ಬೇಕಾದುದು ಸ್ಪಷ್ಟತೆಯೇ.

ಪೋಷಣೆಯ ಮಾತು ಬಂದಾಗ ಕನ್ನಡಿಗರಿಗೆ ಮೈಸೂರಿನ ಜಯಚಾಮರಾಜ ಒಡೆಯರ ನೆನಪಾಗದಿರದು. ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳು 1950ರಲ್ಲಿ ಲಂಡನ್ನಿನಲ್ಲಿ ಪ್ರಥಮವಾಗಿ ಕೇಳಿಬರಲು ಅವರ ಧನಸಹಾಯ ಒದಗಿತ್ತು. ರಾಜರಿಂದ ಲಂಡನ್ನಿನಲ್ಲಿ ಆದ ಈ ಬಗೆಯ ಕಾರ್ಯವನ್ನು ಜರ್ಮನಿಯಲ್ಲಿ ಸಾಮಾನ್ಯ ಕೇಳುಗರ ರೇಡಿಯೋ ಶುಲ್ಕವು ವರ್ಷವರ್ಷವೂ ಮಾಡುತ್ತಿತ್ತು. ಅವರಲ್ಲಿ ಹಲವರಿಗೆ ಆ ಸಂಗೀತ ಹಿಡಿಸುತ್ತಿರಲಿಲ್ಲವೆಂಬುದು ಬೇರೆಯ ಮಾತು.

1959ರ ಡೊನೌಎಷಿಂಗೆನ್ ಉತ್ಸವಕ್ಕೆ ರೋಸ್‌ಬೌಡ್ ಕಾಯಿಲೆಯಿಂದ ಬರಲಾಗಲಿಲ್ಲ. ಅವನ ಸ್ಥಾನದಲ್ಲಿ ನಿಂತವನು ಬುಲೇಜ್. ಮುಂದೆ ನಿರ್ದೇಶಕನಾಗಿ ಜಗತ್ಪ್ರಸಿದ್ಧನಾದ ಅವನ ದಾರಿ ಹೀಗೆ ತೆರೆಯಿತು. 1962ರ ಡಿಸೆಂಬರ್ 29ರಂದು ರೋಸ್‌ಬೌಡ್ ಲುಗಾನೋದಲ್ಲಿ ನಿಧನನಾದನು. ಅವನು ಹದಿನಾಲ್ಕು ವರ್ಷ ಪಳಗಿಸಿದ ವೃಂದವು ಅನಂತರ ಅರ್ಧ ಶತಮಾನ ಬಾಳಿತು. 2016ರಲ್ಲಿ ರೇಡಿಯೋ ಸಂಸ್ಥೆಯು ವೆಚ್ಚ ಹೆಚ್ಚಾಯಿತೆಂದು ಅದನ್ನು ಸ್ಟುಟ್‌ಗಾರ್ಟಿನ ವೃಂದದೊಡನೆ ಸೇರಿಸಿಬಿಟ್ಟಿತು.