ನಿಮಗಿದು ಗೊತ್ತೇ? ಜೇಬಿಗೆ ಹಿಡಿಸುವ ರಿವಾಲ್ವರ್, ಜೇಬಿಗೇ ಭಾರ!

* ರಿವಾಲ್ವರ್ ಕೊಳ್ಳಲು ದುಡ್ಡಿಗಿಂತ ಮೊದಲು ಲೈಸೆನ್ಸ್ ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ 21 ವರ್ಷ ತುಂಬಿರಬೇಕು. ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ. ಬೆಂಗಳೂರು ನಗರದಲ್ಲಾದರೆ ಪೊಲೀಸ್ ಕಮಿಷನರ್‌ಗೆ.

* ನಮ್ಮಲ್ಲಿ ಕೈಗೆಟಕುವ ರಿವಾಲ್ವರ್ ಎಂದರೆ ಹೆಚ್ಚುಕಡಿಮೆ .32 ಬೋರಿನದೇ (ಬೋರ್ ಎಂದರೆ ನಳಿಗೆಯ ಒಳ ಅಳತೆ). 9 ಎಂ.ಎಂ., .455ರಂಥವು ‘ನಿಷೇಧಿತ ಬೋರ್’ ಪಟ್ಟಿಯಲ್ಲಿವೆ, ಸಾಮಾನ್ಯ ಲೈಸೆನ್ಸ್‌ಗೆ ಸಿಗವು. ಇವತ್ತಿಗೂ ನಾವು ತುಂಬುವ .32 ತೋಟಾ ಹುಟ್ಟಿದ್ದು 1896ರಲ್ಲಿ, ಅಮೆರಿಕದಲ್ಲಿ!

* 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದೇ ‘ನಿರ್ಭೀಕ್’ ತಂದಿತು. ಟೈಟಾನಿಯಂ ಮಿಶ್ರಲೋಹ, ತೂಕ ಅರ್ಧ ಕೆ.ಜಿ., ಜೊತೆಗೆ ಒಡವೆ ಅಂಗಡಿಯವರು ಕೊಡುವಂಥ ಮರೂನ್ ಪೆಟ್ಟಿಗೆ. 2012ರ ದೆಹಲಿ ಅತ್ಯಾಚಾರ ಪ್ರಕರಣದ ‘ನಿರ್ಭಯಾ’ಳ ನೆನಪಿಗೆ ಇಟ್ಟ ಹೆಸರು. ಆಗಿನ ಬೆಲೆ? ಸುಮಾರು 1.22 ಲಕ್ಷ ರೂಪಾಯಿ. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹೆಣ್ಣುಮಗಳು ಈ ಲೆಕ್ಕದಲ್ಲಿ ಎಲ್ಲಿದ್ದಳೋ!

* ವಿದೇಶಿ ಮಾಲು ಅಗ್ಗಕ್ಕೆ ಸಿಗಬಹುದೆಂಬ ಆಸೆ ಬೇಡ. ಸಾಮಾನ್ಯರಿಗೆ ಬಂದೂಕು ಆಮದು 1980ರ ದಶಕದಲ್ಲೇ ನಿಂತಿದೆ. ಹಾಗಾಗಿ ಅಜ್ಜನ ಕಾಲದ ಹಳೆಯ ವಿದೇಶಿ ರಿವಾಲ್ವರ್ ಇಲ್ಲಿ ಎಷ್ಟೋ ಸಲ ಹೊಸ ದೇಶಿಯದಕ್ಕಿಂತ ದುಬಾರಿ.

* ಅಮೆರಿಕದ ಸ್ಮಿತ್ ಅಂಡ್ ವೆಸನ್ 1950ರಲ್ಲಿ ‘ಚೀಫ್ಸ್ ಸ್ಪೆಷಲ್’ ತಂದಾಗ ಸಿಲಿಂಡರಿನಲ್ಲಿ ಆರರ ಬದಲು ಐದೇ ಗುಂಡಿಗೆ ಜಾಗ ಕೊಟ್ಟಿತು. ಒಂದು ಗುಂಡು ಬಿಟ್ಟದ್ದಕ್ಕೆ ಸಿಲಿಂಡರ್ ತೆಳ್ಳಗಾಯಿತು, ಕೋಟಿನೊಳಗೆ ಉಬ್ಬು ಕಾಣದಾಯಿತು.

* ಹಗುರವಾದಷ್ಟೂ ಒಳ್ಳೆಯದೆಂಬುದು ಅಂಗಡಿಯ ಕೌಂಟರಿನ ಮಾತು. ಒಂದೇ ತೋಟಾವನ್ನು ಹಗುರ ರಿವಾಲ್ವರಿನಲ್ಲಿ ಹಾರಿಸಿ ನೋಡಿ, ಹಿಂದೊದೆತ ಜಾಸ್ತಿ. ಗಿಡ್ಡ ಬ್ಯಾರೆಲ್ಲಿನಲ್ಲಿ ಗುರಿ ನೋಡುವ ಎರಡು ತುದಿಗಳೂ ಹತ್ತಿರ ಬರುತ್ತವೆ. ಕೂದಲೆಳೆ ತಪ್ಪಿದರೂ ಗುಂಡು ದೂರ ಸರಿಯುತ್ತದೆ. ಹೊಸಬರು ಕಲಿಯಬೇಕಾದದ್ದು ಚಿಕ್ಕದರಲ್ಲಲ್ಲ.

* ಹೆಚ್ಚಿನ ರಿವಾಲ್ವರುಗಳಲ್ಲಿ ಪಿಸ್ತೂಲಿನಂತೆ ಸೇಫ್ಟಿ ಗುಂಡಿ ಇರುವುದಿಲ್ಲ. ಉದ್ದಕ್ಕೆ, ಬಿಗಿಯಾಗಿ ಎಳೆಯಬೇಕಾದ ಟ್ರಿಗರೇ ಅದರ ಸೇಫ್ಟಿ. ಕುದುರೆಯನ್ನು (ಹ್ಯಾಮರ್) ಮೊದಲೇ ಹಿಂದಕ್ಕೆಳೆದಿಟ್ಟರೆ ಮಾತ್ರ ಬೆರಳು ಸೋಕಿದರೂ ಸಾಕು. ಸಿಲಿಂಡರಿಗೂ ಬ್ಯಾರೆಲ್ಲಿಗೂ ನಡುವೆ ಕಾಗದದಷ್ಟು ಸಂದಿಯಿದೆ. ಗುಂಡು ಹಾರುವಾಗ ಅಲ್ಲಿಂದ ಬಿಸಿ ಅನಿಲ ಚಿಮ್ಮುತ್ತದೆ, ಬೆರಳು ಅಲ್ಲಿರಕೂಡದು.

* ಕಾನ್ಪುರದ ಹಳೆಯ .32 ಅನ್ನು ಮೇಲಿಂದ ಮುರಿದಂತೆ ಮಡಿಚಿ ಗುಂಡು ತುಂಬಬೇಕು. 2023ರಲ್ಲಿ ಬಂದ ‘ಪ್ರಬಲ್’ನಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ.

* ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು.

* ಅದೇ 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ಬಂದ ತಿದ್ದುಪಡಿ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕಿಳಿಸಿತು. ಮದುವೆ ದಿಬ್ಬಣದಲ್ಲಿ ಇತರರಿಗೆ ಅಪಾಯವಾಗುವಂತೆ ಗಾಳಿಯಲ್ಲಿ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

* ಬೇಡವೆನಿಸಿದರೆ ಲೈಸೆನ್ಸ್ ಇದ್ದವರಿಗೆ ಮಾರಬಹುದು, ಆದರೆ 45 ದಿನ ಮುಂಚೆ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಚುನಾವಣೆ ಬಂತೆಂದರೆ ಅನೇಕರ ರಿವಾಲ್ವರ್ ಮನೆಯ ಬೀರು ಬಿಟ್ಟು ಠಾಣೆ ಸೇರುತ್ತದೆ. ಕೊಟ್ಟ ರಸೀದಿಯನ್ನು ಜೋಪಾನವಾಗಿಡಿ.