ಎಂಜಿನ್ ಬದಲಾಯಿತು, ಸ್ಟಾರ್ಟರ್ ಏಕೆ ತಿರುಗದು?

ಕೆಟ್ಟ ಎಂಜಿನ್ ತೆಗೆದು ಬೇರೊಂದು ಎಂಜಿನ್ ಕೂರಿಸಿದ ಕಾರು. ಕೀ ತಿರುಗಿಸಿದರೆ 'ಟಕ್' ಎಂಬ ಸದ್ದು ಮಾತ್ರ, ಎಂಜಿನ್ ಅಲುಗದು. ಆದರೆ ಹೆಡ್‌ಲೈಟು ಪ್ರಖರವಾಗಿ ಉರಿಯುತ್ತದೆ. ಹಾಗಾದರೆ ಬ್ಯಾಟರಿ ಸರಿಯಿದೆ, ಸ್ಟಾರ್ಟರ್ ಕೆಟ್ಟಿದೆ ಎಂದು ಹೊಸದನ್ನು ಕೊಂಡು ತರುವವರುಂಟು. ಎಷ್ಟೋ ಸಲ ಹಣ ಖರ್ಚಾಗುತ್ತದೆ, ದೋಷ ಹಾಗೆಯೇ ಉಳಿಯುತ್ತದೆ. ಈ ಒಗಟನ್ನು ಬಿಡಿಸಲು ಪ್ರೌಢಶಾಲೆಯ ಓಮನ ನಿಯಮವೇ ಸಾಕು.

ಮರಳುವ ದಾರಿ

ಕಾರಿನಲ್ಲಿ ವಿದ್ಯುತ್ ಮಂಡಲದ ಅರ್ಧ ಭಾಗ ತಂತಿ, ಉಳಿದರ್ಧ ಲೋಹದ ಮೈ. ಸ್ಟಾರ್ಟರ್ ಎಂಜಿನ್ನಿಗೆ ಅಂಟಿಕೊಂಡಿರುತ್ತದೆ. ಅದರಲ್ಲಿ ಹರಿದ ಪ್ರವಾಹ ಎಂಜಿನ್ನಿನ ಲೋಹದ ಮೂಲಕವೇ ಬ್ಯಾಟರಿಯ ಋಣಾಗ್ರಕ್ಕೆ ಮರಳಬೇಕು. ಆದರೆ ಎಂಜಿನ್ ಕುಳಿತಿರುವುದು ರಬ್ಬರ್ ದಿಂಬುಗಳ ಮೇಲೆ. ರಬ್ಬರ್ ವಿದ್ಯುತ್ ನಿರೋಧಕ. ಆದ್ದರಿಂದ ಎಂಜಿನ್ನನ್ನು ಕಾರಿನ ಮೈಗೆ ಅಥವಾ ನೇರವಾಗಿ ಋಣಾಗ್ರಕ್ಕೆ ಜೋಡಿಸುವ ದಪ್ಪ ಅರ್ತ್ ಪಟ್ಟಿ ಇರುತ್ತದೆ. ಎಂಜಿನ್ ಬದಲಿಸುವಾಗ ಮರೆತುಹೋಗುವುದು, ಇಲ್ಲವೇ ಬಣ್ಣ ಅಥವಾ ತುಕ್ಕಿನ ಮೇಲೆಯೇ ಬಿಗಿಯಲ್ಪಡುವುದು ಈ ಪಟ್ಟಿಯೇ.

ಹೆಡ್‌ಲೈಟು ಹೇಳದ ಸತ್ಯ

ಸಂಪರ್ಕದಲ್ಲಿ ಕೇವಲ 0.03 ಓಮ್ ರೋಧವಿದೆ ಎನ್ನೋಣ. 55 ವಾಟ್‌ನ ಹೆಡ್‌ಲೈಟು ಸುಮಾರು 4.6 ಆಂಪೇರ್ ಎಳೆಯುತ್ತದೆ. ಅದು ಇದೇ ಸಂಪರ್ಕದ ಮೂಲಕ ಹರಿದರೂ ನಷ್ಟವಾಗುವುದು 0.14 ವೋಲ್ಟ್ ಮಾತ್ರ, ಕಣ್ಣಿಗೆ ತಿಳಿಯದು. ಸ್ಟಾರ್ಟರ್‌ಗೆ 150 ಆಂಪೇರ್ ಬೇಕಾದರೆ? 150 × 0.03 = 4.5 ವೋಲ್ಟ್ ಆ ಸಂಪರ್ಕವೊಂದರಲ್ಲೇ ಕಳೆದುಹೋಗುತ್ತದೆ! ಅಷ್ಟು ಪ್ರವಾಹ ಹರಿಯಲಾರದೆ ಮೋಟಾರು ಸೊರಗುತ್ತದೆ. ಇಷ್ಟಲ್ಲದೆ ಹೆಡ್‌ಲೈಟಿನ ಅರ್ತ್ ಸಾಮಾನ್ಯವಾಗಿ ಕಾರಿನ ಮೈಗೆ ಇರುವುದರಿಂದ, ಎಂಜಿನ್ ಪಟ್ಟಿಯ ಸ್ಥಿತಿಯನ್ನು ಅದು ತಿಳಿಸುವುದೇ ಇಲ್ಲ.

'ಟಕ್ ಟಕ್ ಟಕ್' ಎಂಬ ಸದ್ದಿಗೂ ಇದೇ ಕಾರಣವಿರಬಹುದು. ಸ್ಟಾರ್ಟರ್ ಮೇಲಿನ ಸಾಲಿನಾಯ್ಡ್ ಒಂದು ವಿದ್ಯುತ್ಕಾಂತ. ಅದು ಸಂಪರ್ಕ ಮುಚ್ಚಿದೊಡನೆ ಭಾರಿ ಪ್ರವಾಹ ಹರಿದು ವೋಲ್ಟೇಜ್ ಕುಸಿಯುತ್ತದೆ. ವಿದ್ಯುತ್ಕಾಂತ ಹಿಡಿತ ಬಿಡುತ್ತದೆ. ವೋಲ್ಟೇಜ್ ಏರಿ ಮತ್ತೆ ಸೆಳೆಯುತ್ತದೆ. ಶಕ್ತಿ ಕುಂದಿದ ಬ್ಯಾಟರಿಯೂ ಹೀಗೆಯೇ ಮಾಡುತ್ತದೆ.

ಪರೀಕ್ಷೆ ಹೇಗೆ?

ಮಲ್ಟಿಮೀಟರಿನ ಓಮ್ ಅಳತೆ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಇಷ್ಟು ಕಡಿಮೆ ರೋಧ ಅದರ ತಂತಿಗಳ ರೋಧದಲ್ಲೇ ಮುಳುಗಿಹೋಗುತ್ತದೆ. ಪ್ರವಾಹ ಹರಿಯುವಾಗಲೇ ವೋಲ್ಟೇಜ್ ಅಳೆಯಬೇಕು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ.

1. ಮೊದಲು ಬ್ಯಾಟರಿ: ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು.
2. ಮೀಟರಿನ ಒಂದು ತುದಿ ಋಣಾಗ್ರದ ಮೇಲೆ, ಇನ್ನೊಂದು ಸ್ಟಾರ್ಟರ್‌ನ ಮೈ ಮೇಲೆ. ಇನ್ನೊಬ್ಬರು ಕೆಲವು ಸೆಕೆಂಡು ಕೀ ತಿರುಗಿಸಲಿ. 0.2–0.3 ವೋಲ್ಟ್ ಬಂದರೆ ಸರಿ. ಅದಕ್ಕಿಂತ ಬಹಳ ಹೆಚ್ಚಾದರೆ ಅರ್ತ್ ದೋಷ. ಪಟ್ಟಿ ಇಲ್ಲವೇ ಇಲ್ಲವಾದರೆ 12 ವೋಲ್ಟ್ ಸಮೀಪ ಬರಬಹುದು.
3. ಧನಾಗ್ರ ಮತ್ತು ಸ್ಟಾರ್ಟರ್‌ನ ದಪ್ಪ ಕೇಬಲ್ ನಡುವೆ ಇದನ್ನೇ ಮಾಡಿ, 0.5 ವೋಲ್ಟ್ ಮೀರಬಾರದು.
4. ಸದ್ದೇ ಇಲ್ಲದಿದ್ದರೆ ಸಾಲಿನಾಯ್ಡಿನ ಸಣ್ಣ ತಂತಿಗೆ ವೋಲ್ಟೇಜ್ ಬರುತ್ತಿದೆಯೇ ನೋಡಿ.

ಎಲ್ಲವೂ ಸರಿಯಿದ್ದರೆ ಮಾತ್ರ ಸ್ಟಾರ್ಟರ್ ಬಿಚ್ಚಬೇಕು. ಮೋಟಾರು ತಿರುಗಿ ಎಂಜಿನ್ ತಿರುಗದೆ ಕರಕರ ಸದ್ದು ಬಂದರೆ, ಸ್ಟಾರ್ಟರ್‌ನ ಹಲ್ಲುಗಳು ಹೊಸ ಎಂಜಿನ್ನಿನ ಫ್ಲೈವೀಲಿಗೆ ಹೊಂದುತ್ತಿಲ್ಲವೇನೋ ಪರೀಕ್ಷಿಸಿ.

ಎಚ್ಚರಿಕೆ! ಅರ್ತ್ ಪಟ್ಟಿ ಇಲ್ಲದ ಕಾರನ್ನು ಪದೇ ಪದೇ ಸ್ಟಾರ್ಟ್ ಮಾಡಬಾರದು. ಪ್ರವಾಹ ಆಕ್ಸಿಲರೇಟರ್ ಅಥವಾ ಗೇರಿನ ಉಕ್ಕಿನ ಕೇಬಲಿನಲ್ಲಿ ದಾರಿ ಮಾಡಿಕೊಂಡರೆ, ಅದು ಕಾದು ಹೊದಿಕೆ ಸುಡಬಹುದು. ಪಟ್ಟಿಯನ್ನು ಉಜ್ಜಿ ಬಿಗಿಯುವ ಮುನ್ನ ಋಣಾಗ್ರದ ಕೇಬಲ್ ಕಳಚಿಡಿ.

ತರಗತಿಯಲ್ಲಿ ಮಾಡಿ ನೋಡಿ: ಮೂರು ಟಾರ್ಚ್ ಸೆಲ್‌ಗಳಿಗೆ 22 ಓಮ್ ರೋಧಕವನ್ನು ಸರಣಿಯಲ್ಲಿ ಜೋಡಿಸಿ. ಅದರ ಮೂಲಕ 220 ಓಮ್ ರೋಧಕವಿರುವ ಕೆಂಪು ಎಲ್‌ಇಡಿ ಚೆನ್ನಾಗಿಯೇ ಬೆಳಗುತ್ತದೆ. ಎಲ್‌ಇಡಿ ಮತ್ತು ಅದರ ರೋಧಕದ ಬದಲು ಆಟಿಕೆಯ ಮೋಟಾರು ಜೋಡಿಸಿ. ಅದು ಸೊರಗುತ್ತದೆ, ಇಲ್ಲವೇ ನಿಂತೇಬಿಡುತ್ತದೆ. ಏಕೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ.