ಪರಿಸರ ಸಂಘವೂ ನಮ್ಮ ಮನೆಯ ಮಕ್ಕಳೂ

ಕೋಲಾರ ಸೀಮೆಯ ಯಾವ ಮನೆಯ ಜಗುಲಿಯಲ್ಲಿ ಕುಳಿತರೂ, ಮಾತು ಮದುವೆಯಿಂದ ಆರಂಭವಾಗಲಿ, ಟೊಮೆಟೊ ಧಾರಣೆಯಿಂದ ಆರಂಭವಾಗಲಿ, ಕೊನೆಗೆ ಕೊಳವೆಬಾವಿಗೆ ಬಂದು ನಿಲ್ಲುತ್ತದೆ. ಎಷ್ಟು ಅಡಿ ಕೊರೆಸಿದಿರಿ, ಎಷ್ಟು ಇಂಚು ನೀರು ಬಿತ್ತು, ಎಷ್ಟು ತಿಂಗಳು ನಿಂತಿತು ಎಂಬ ವಿಚಾರಣೆ ನಡೆಯುತ್ತದೆ. ಸಾವಿರ ಅಡಿ ದಾಟಿಯೂ ಬರಿಯ ಕಲ್ಲಿನ ಪುಡಿ ಕಂಡವರ ನಿಟ್ಟುಸಿರು ಕೇಳಿಬರುತ್ತದೆ. ಈ ಮಾತುಗಳನ್ನು ನಡುಮನೆಯಲ್ಲಿ ಪುಸ್ತಕ ಹಿಡಿದು ಕುಳಿತ ಮಕ್ಕಳೂ ಕೇಳುತ್ತಿರುತ್ತಾರೆ. ಅದೇ ಮಕ್ಕಳು ಶಾಲೆಯಿಂದ ಬಂದು, “ಪರಿಸರ ಸಂಘಕ್ಕೆ ಸೇರಿದ್ದೇನೆ, ಶನಿವಾರ ಕೆರೆಯ ಹತ್ತಿರ ಹೋಗಬೇಕು” ಎಂದರೆ, “ಮೊದಲು ಲೆಕ್ಕ ಮಾಡು, ಕೆರೆ ಆಮೇಲೆ ನೋಡೋಣ” ಎಂಬ ಉತ್ತರ ನಮ್ಮ ಬಹುಪಾಲು ಮನೆಗಳಲ್ಲಿ ಸಿದ್ಧವಾಗಿರುತ್ತದೆ. ಈ ಉತ್ತರವನ್ನು ನಾವೆಲ್ಲರೂ ಮತ್ತೊಮ್ಮೆ ಯೋಚಿಸಬೇಕಾಗಿದೆ ಎಂಬುದು ಈ ಲೇಖನದ ವಿನಂತಿ.

ನಮ್ಮ ಜಿಲ್ಲೆಯ ಸ್ಥಿತಿಯನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿಗಳು ಹೆಸರಿಗೆ ನದಿಗಳು. ಅವುಗಳ ಪಾತ್ರದಲ್ಲಿ ನೀರಿಗಿಂತ ಮರಳನ್ನೇ ಕಂಡ ತಲೆಮಾರು ನಮ್ಮದು. ಪೂರ್ವಿಕರು ಅದಕ್ಕಾಗಿಯೇ ಹಳ್ಳಿಗೊಂದರಂತೆ ಕೆರೆ ಕಟ್ಟಿದರು, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಳಿ ಹೆಣೆದರು, ತೂಬು ತೆರೆದು ಮುಚ್ಚಲು ನೀರಗಂಟಿಯನ್ನು ನೇಮಿಸಿದರು. ಕೊಳವೆಬಾವಿ ಬಂದ ಮೇಲೆ ನೀರಗಂಟಿಗೆ ಕೆಲಸವಿಲ್ಲವಾಯಿತು, ಕಾಲುವೆಗಳು ಮುಚ್ಚಿಹೋದವು, ಅಂತರ್ಜಲ ಅತಿಯಾಗಿ ಬಳಕೆಯಾದ ಪ್ರದೇಶಗಳ ಪಟ್ಟಿಯಲ್ಲಿ ಕೋಲಾರ ವರ್ಷಗಳಿಂದ ಉಳಿದುಕೊಂಡಿತು. ಆಳದ ನೀರಿನೊಂದಿಗೆ ಫ್ಲೋರೈಡ್ ಸಹ ಮೇಲೆ ಬಂತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ನಿಯಮ. ಮೀರಿದ ಊರುಗಳ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಗಳಿಗೆ ಯಾವ ಪ್ರಯೋಗಶಾಲೆಯ ದೃಢೀಕರಣವೂ ಬೇಕಿಲ್ಲ.

ಇಷ್ಟೆಲ್ಲ ನಡೆದದ್ದು ಯಾರೋ ಒಬ್ಬರ ಕೆಟ್ಟತನದಿಂದಲ್ಲ. ಪ್ರತಿ ಮನೆಯೂ ತನಗೆ ಸರಿ ಕಂಡದ್ದನ್ನು ಮಾಡಿತು. ಒಟ್ಟು ಲೆಕ್ಕ ಇಡುವವರು ಮಾತ್ರ ಯಾರೂ ಇರಲಿಲ್ಲ. 1980ರ ಸುಮಾರಿಗೆ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಸಸಿಗಳು ಹಂಚಿಕೆಯಾದಾಗ ರಾಗಿಯ ಹೊಲಗಳು ನೀಲಗಿರಿ ತೋಪುಗಳಾದವು. ಕೂಲಿಯ ತೊಂದರೆಯಿಲ್ಲ, ದನ ಮೇಯುವುದಿಲ್ಲ, ಕೆಲವು ವರ್ಷಕ್ಕೊಮ್ಮೆ ಕಡಿದರೆ ಹಣ. ರೈತನಿಗೆ ಇನ್ನೇನು ಬೇಕು? 1981ರಲ್ಲೇ ವಂದನಾ ಶಿವ ಮತ್ತು ಅವರ ಸಂಗಡಿಗರು ಕೋಲಾರದ ಸಾಮಾಜಿಕ ಅರಣ್ಯವನ್ನು ಅಧ್ಯಯನ ಮಾಡಿ, ಆಹಾರದ ಬೆಳೆ ಮತ್ತು ಕೂಲಿಯ ಮೇಲೆ ಇದರ ಪರಿಣಾಮವೇನೆಂದು ಎಚ್ಚರಿಸಿದ್ದರು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ನಡುವೆ ಕಳೆದುಹೋದದ್ದು 36 ವರ್ಷ. ಆ ವರ್ಷಗಳಲ್ಲಿ ಊರೂರಿನ ಶಾಲೆಯೂ ತನ್ನ ಸುತ್ತಲ ಬಾವಿಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಬರೆದಿಟ್ಟಿದ್ದರೆ, ನೀಲಗಿರಿಯ ಪರ-ವಿರೋಧದ ವಾದಗಳು ಗಾಳಿಮಾತಾಗಿ ಉಳಿಯುತ್ತಿರಲಿಲ್ಲ.

ವಿದ್ಯಾರ್ಥಿಗಳ ಪರಿಸರ ಸಂಘ ಎಂದರೆ ಏನಿರಬೇಕು ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಲ್ಲಿಂದಲೇ ಹುಟ್ಟುತ್ತದೆ. ಜೂನ್ 5ರಂದು ಅತಿಥಿಗಳನ್ನು ಕರೆದು ಹಾರ ಹಾಕಿ, ಕಳೆದ ವರ್ಷದ ಗುಂಡಿಯಲ್ಲೇ ಈ ವರ್ಷವೂ ಒಂದು ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವುದು ಸಂಘವಲ್ಲ. ಊರಿನ ನೀರು, ಮಣ್ಣು, ಮರಗಳ ಲೆಕ್ಕವನ್ನು ವರ್ಷದಿಂದ ವರ್ಷಕ್ಕೆ ಬಿಡದೆ ಬರೆಯುವುದು ಸಂಘದ ನಿಜವಾದ ಕಾಯಕ. ಆ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆಯೋ ಆ ಹುಡುಗ ಅಥವಾ ಹುಡುಗಿ ಅದರ ನಾಯಕ. ಭಾಷಣ ಮಾಡುವವರು ಬೇರೆ ಇದ್ದಾರೆ.

ಇಂಥ ಸಂಘಗಳಿಗೆ ಸರ್ಕಾರದ ಆಸರೆ ಇಲ್ಲದಿಲ್ಲ. ಶಿಕ್ಷಣದ ಎಲ್ಲ ಹಂತಗಳಲ್ಲೂ ಪರಿಸರ ಪಾಠ ಇರಬೇಕೆಂದು ಸುಪ್ರೀಂ ಕೋರ್ಟ್ 1991ರ ನವೆಂಬರಿನಲ್ಲಿ, ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಆದೇಶಿಸಿತು. ಇಂದು ಪದವಿ ತರಗತಿಗಳಲ್ಲಿ ಪರಿಸರ ಅಧ್ಯಯನ ಕಡ್ಡಾಯ ವಿಷಯವಾಗಿರುವುದು ಅದರ ಫಲ. 2001-02ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸಿರು ಪಡೆಯನ್ನು ಆರಂಭಿಸಿ, ಶಾಲೆಗಳಲ್ಲಿ ಇಕೋ ಕ್ಲಬ್‌ಗಳನ್ನು ಕಟ್ಟಿತು. ಒಂದು ಸಂಘದಲ್ಲಿ 30ರಿಂದ 50 ಮಕ್ಕಳು, ಹೊಣೆಗೆ ಒಬ್ಬ ಶಿಕ್ಷಕರು, ವರ್ಷಕ್ಕೆ ಕೆಲವೇ ಸಾವಿರ ರೂಪಾಯಿ. ಹಣ ಸಾಲದು ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಒಂದು ಹಗ್ಗ, ಒಂದು ಅಳತೆ ಪಟ್ಟಿ, ಒಂದು ದಪ್ಪ ರಟ್ಟಿನ ಪುಸ್ತಕ, ಒಂದು ಮಳೆಮಾಪಕ ಇಷ್ಟಕ್ಕೆ ಎಷ್ಟು ಹಣ ಬೇಕಾದೀತು? ಕೊರತೆ ಇರುವುದು ಪುಸ್ತಕವನ್ನು ಮುಂದಿನ ವರ್ಷಕ್ಕೆ ದಾಟಿಸುವ ಶಿಸ್ತಿನಲ್ಲಿ.

ಶಿಸ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸುವರ್ಣಜಲ ಯೋಜನೆಯೇ ಸಾಕ್ಷಿ. 2006ರ ಸುಮಾರಿಗೆ ರಾಜ್ಯದ ಗ್ರಾಮೀಣ ಶಾಲೆಗಳ ಮೇಲ್ಛಾವಣಿಗೆ ಕೊಳವೆ ಅಳವಡಿಸಿ, ತೊಟ್ಟಿ ಕಟ್ಟಿ, ಮಳೆನೀರು ಹಿಡಿಯುವ ಏರ್ಪಾಡು ನಡೆಯಿತು. ಲೆಕ್ಕ ಸರಳವಾಗಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 200 ಚದರ ಮೀಟರ್ ಛಾವಣಿಯ ಶಾಲೆಯ ಮೇಲೆ ವರ್ಷಕ್ಕೆ 700 ಮಿ.ಮೀ. ಮಳೆಯಾದರೆ 1,40,000 ಲೀಟರ್. ಕಾಲು ಭಾಗ ವ್ಯರ್ಥವಾದರೂ ಲಕ್ಷ ಲೀಟರಿಗೆ ಮೋಸವಿಲ್ಲ. ಆದರೂ ಎಷ್ಟೋ ಶಾಲೆಗಳಲ್ಲಿ ಆ ತೊಟ್ಟಿಗಳು ಬಳಕೆಯಿಲ್ಲದೆ ಮೂಲೆ ಸೇರಿದವು. ಮೊದಲ ಮಳೆಗೆ ಮುನ್ನ ಛಾವಣಿ ಗುಡಿಸಬೇಕು, ಸೋಸುವ ಜಲ್ಲಿ ತೊಳೆಯಬೇಕು ಎಂದು ನೆನಪಿಡುವವರು ಇರಲಿಲ್ಲ. ಏಳನೆಯ ತರಗತಿಯ ಇಬ್ಬರು ಮಕ್ಕಳಿಗೆ ವಹಿಸಬಹುದಾಗಿದ್ದ ಕೆಲಸವದು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬರೆದಿಡಬೇಕಾದ ವಿಷಯಗಳಿಗೆ ಬರವಿಲ್ಲ. ಕೋಲಾರ ತಾಲ್ಲೂಕನ್ನೇ ನೋಡಿ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಮೊದಲು ಬಂದು ಸೇರಿದ್ದು ಲಕ್ಷ್ಮೀಸಾಗರ ಕೆರೆಗೆ. ದಿನಕ್ಕೆ 44 ಕೋಟಿ ಲೀಟರ್ ಗುರಿ, ಮೊದಲ ಹಂತದಲ್ಲಿ 126 ಕೆರೆ. ಬತ್ತಿದ ಬಾವಿಗಳಲ್ಲಿ ನೀರು ಕಂಡವರು ಕೈಮುಗಿದರು. ಕೆರೆಯಲ್ಲಿ ನೊರೆ ಕಂಡವರು, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂದು ನ್ಯಾಯಾಲಯದ ಮೆಟ್ಟಿಲೇರಿದರು. ಎರಡು ಮಾತಿನಲ್ಲೂ ಸತ್ಯಾಂಶವಿದೆ ಎಂಬುದು ನಮ್ಮ ಎಣಿಕೆ. ಕೆರೆಯ ಕೆಳಗಿನ ಹತ್ತು ಬಾವಿಗಳ ಮಟ್ಟ, ಬಣ್ಣ, ವಾಸನೆಗಳನ್ನು ತಿಂಗಳಿಗೊಮ್ಮೆ ಬರೆದಿಡುವ ಪ್ರೌಢಶಾಲೆಯ ಪುಸ್ತಕವೊಂದಿದ್ದರೆ ಊರ ಹಿರಿಯರಿಗೂ ಅಧಿಕಾರಿಗಳಿಗೂ ಅದು ಎಷ್ಟು ದೊಡ್ಡ ಉಪಕಾರ! ಅದು ವಾದಿಯ ಪರವೂ ಅಲ್ಲ, ಪ್ರತಿವಾದಿಯ ಪರವೂ ಅಲ್ಲ.

ಮಾಲೂರಿನಲ್ಲಿ ಪ್ರಶ್ನೆ ಮಣ್ಣಿನದು. ಇಟ್ಟಿಗೆ ಹೆಂಚುಗಳಿಗೆ ಹೆಸರಾದ ಊರು ಅದು. ಕೆರೆಯ ಹೂಳು ಹೊಲಕ್ಕೆ ಹೋಗುತ್ತಿದೆಯೋ ಗೂಡಿಗೆ ಹೋಗುತ್ತಿದೆಯೋ, ಮಣ್ಣು ತೆಗೆದ ಮೇಲೆ ಕೆರೆ ತಳ ಹೇಗೆ ಉಳಿಯಿತು ಎಂಬುದನ್ನು ಗಮನಿಸಲು ಮಕ್ಕಳ ಕಣ್ಣು ಸಾಕು. ಶ್ರೀನಿವಾಸಪುರದ ಪಾಠ ಇನ್ನೂ ಕಠಿಣ. 2023ರಲ್ಲಿ ಅರಣ್ಯ ಇಲಾಖೆ ಒತ್ತುವರಿ ತೆರವುಗೊಳಿಸಿದಾಗ ಫಲ ಬಿಡುತ್ತಿದ್ದ ಮಾವಿನ ಮರಗಳು ಉರುಳಿದವು. ಅರಣ್ಯ ಯಾವುದು, ಹಿಡುವಳಿ ಯಾವುದು, ದಾಖಲೆ ಏನೆನ್ನುತ್ತದೆ, ತಲೆಮಾರುಗಳಿಂದ ಉತ್ತವನ ಪಾಡೇನು? ನೈಸರ್ಗಿಕ ಸಂಪನ್ಮೂಲ ಎಂಬ ದೊಡ್ಡ ಶಬ್ದದ ಒಳಗೆ ಇರುವುದು ಇಂಥ ಪ್ರಶ್ನೆಗಳೇ. ಪದವಿ ತರಗತಿಯ ವಿದ್ಯಾರ್ಥಿಗಳು ಪಹಣಿ, ನಕ್ಷೆಗಳನ್ನು ಓದಲು ಕಲಿತರೆ ಆವೇಶದ ಮಾತಿಗೆ ಬಲಿಯಾಗುವುದು ತಪ್ಪೀತು.

ಮುಳಬಾಗಿಲಿನ ಬಂಡೆ ಬೆಟ್ಟಗಳ ಕಡೆಗೆ ಬಂದರೆ ಬೇರೆಯೇ ಒಂದು ಕಥೆ ತೆರೆದುಕೊಳ್ಳುತ್ತದೆ. ಕೋಲಾರದ ಹೆಸರನ್ನೇ ಹೊತ್ತ ಒಂದು ಜೀವಿ ಈ ಜಗತ್ತಿನಲ್ಲಿದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅದು ಕೋಲಾರ ಎಲೆಮೂಗಿನ ಬಾವಲಿ. 1994ರಲ್ಲಿ ವಿಜ್ಞಾನಿಗಳು ಇದನ್ನು ಪ್ರತ್ಯೇಕ ಪ್ರಭೇದವೆಂದು ಹೆಸರಿಸಿದರು. ಮೊದಲು ತೇರಹಳ್ಳಿಯ ಗುಹೆಯಲ್ಲೂ ಇದ್ದದ್ದು ಈಗ ಉಳಿದಿರುವುದು ಹನುಮನಹಳ್ಳಿಯ ಒಂದೇ ಒಂದು ಗುಹೆಯಲ್ಲಿ. 2014ರ ಸಮೀಕ್ಷೆಯ ವೇಳೆಗೆ ಇವುಗಳ ಸಂಖ್ಯೆ ಇನ್ನೂರರೊಳಗೆ ಎಂದು ತಿಳಿದುಬಂತು. ಸುತ್ತಮುತ್ತ ಕಲ್ಲುಗಣಿಗಳ ಸಿಡಿತ. ಒಂದು ಗುಹೆ ಕುಸಿದರೆ ಭೂಮಿಯ ಮೇಲಿಂದ ಒಂದು ಕುಲವೇ ಅಳಿಯುವ ಸ್ಥಿತಿ. ಬಾವಲಿ ಸಂರಕ್ಷಣೆಯ ಕಾರ್ಯಕರ್ತರೂ ಅರಣ್ಯ ಇಲಾಖೆಯೂ ಕೈಜೋಡಿಸಿದ್ದರಿಂದ ಆ ಗುಹೆಗೆ ರಕ್ಷಣೆ ದೊರೆಯಿತು. ಬಾವಲಿ ಎಂದರೆ ಅಪಶಕುನವೆಂದು ಮೂಗು ಮುರಿಯುವ ಅಜ್ಜಿಯರಿಗೆ, ರಾತ್ರಿಯೆಲ್ಲ ಅದು ಹಿಡಿದು ತಿನ್ನುವುದು ಹುಳುಹುಪ್ಪಟೆಗಳನ್ನೇ ಎಂದು ತಿಳಿಸಿಹೇಳಬಲ್ಲವರು ಮೊಮ್ಮಕ್ಕಳೇ. ಹಾಗೆಂದು ಸಂಘದ ಮಕ್ಕಳು ಆ ಗುಹೆಯ ಒಳಗೆ ಕಾಲಿಡಬಾರದು. ನೋಡಬೇಕೆಂಬ ಹಂಬಲವನ್ನು ತಡೆದು ಗೆಳೆಯರನ್ನೂ ತಡೆದು ನಿಲ್ಲಿಸುವುದು ಇಲ್ಲಿ ನಾಯಕತ್ವದ ಪರೀಕ್ಷೆ.

ಬರೆದಿಟ್ಟದ್ದನ್ನು ಊರ ಹೊರಗೂ ಹೇಳುವ ಅವಕಾಶಗಳಿವೆ. 1993ರಿಂದ ನಡೆದುಬಂದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಅವುಗಳಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾದದ್ದು. ಹತ್ತರಿಂದ ಹದಿನೇಳು ವಯಸ್ಸಿನ ಮಕ್ಕಳು ತಂಡ ಕಟ್ಟಿ, ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಹಿಡಿದು, ಅಳೆದು, ವರದಿ ಬರೆಯಬೇಕು. ತಂಡಕ್ಕೊಬ್ಬ ನಾಯಕ ಇರಬೇಕು. ಜಿಲ್ಲೆ, ರಾಜ್ಯ, ರಾಷ್ಟ್ರ ಎಂಬ ಮೆಟ್ಟಿಲುಗಳಿವೆ. ಮಾತೃಭಾಷೆಯಲ್ಲೇ ವಿಷಯ ಮಂಡಿಸಬಹುದಾದ್ದರಿಂದ ಇಂಗ್ಲಿಷ್ ಬಾರದೆಂದು ಹಳ್ಳಿಯ ಮಗು ಹಿಂಜರಿಯಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ 1980ರಿಂದ ಕೆಲಸ ಮಾಡುತ್ತಿರುವ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದನ್ನು ಮುನ್ನಡೆಸಿಕೊಂಡು ಬಂದಿದೆ.

ಕಾಲೇಜು ಮೆಟ್ಟಿಲೇರಿದವರಿಗೆ ರಾಷ್ಟ್ರೀಯ ಸೇವಾ ಯೋಜನೆ ಇದೆ. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದದ್ದು ಇದು. ಎರಡು ವರ್ಷದಲ್ಲಿ 240 ಗಂಟೆಗಳ ಸೇವೆ, ಹಳ್ಳಿಯೊಂದರಲ್ಲಿ ಏಳು ದಿನದ ಶಿಬಿರ. ಈ ಏಳು ದಿನಗಳಲ್ಲಿ ರಸ್ತೆ ಗುಡಿಸಿ ಬರುವುದಕ್ಕಿಂತ, ಕೆರೆಗೆ ನೀರು ತರುವ ಕಾಲುವೆ ಎಲ್ಲೆಲ್ಲಿ ಮುಚ್ಚಿದೆ ಎಂದು ನಡೆದು ನೋಡಿ ನಕ್ಷೆ ಬರೆದು ಗ್ರಾಮ ಪಂಚಾಯಿತಿಗೆ ಒಪ್ಪಿಸಿದರೆ ಶಿಬಿರ ಮುಗಿದ ಮೇಲೂ ಕೆಲಸ ಉಳಿಯುತ್ತದೆ. ಪ್ರತಿ ಪಂಚಾಯಿತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಿ, ಊರಿನ ಗಿಡಮರ, ಪ್ರಾಣಿಪಕ್ಷಿ, ನಾಟಿ ತಳಿಗಳ ದಾಖಲೆ ಮಾಡಬೇಕೆಂದು 2002ರ ಕಾಯಿದೆ ಹೇಳುತ್ತದೆ. ಅದನ್ನು ಬರೆಯಲು ಕೈಗಳು ಬೇಕು. ವಿದ್ಯಾರ್ಥಿಗಳಿಗಿಂತ ಒಳ್ಳೆಯ ಕೈಗಳು ಎಲ್ಲಿ ಸಿಕ್ಕಾವು?

ಹುಡುಗರಿಂದ ಏನಾದೀತು ಎನ್ನುವವರಿಗೆ ಎರಡು ನಿದರ್ಶನಗಳನ್ನು ನೆನಪಿಸಬಹುದು. 1970ರ ಏಪ್ರಿಲ್ 22ರಂದು ಅಮೆರಿಕದಲ್ಲಿ ಮೊದಲ ಭೂಮಿ ದಿನ ನಡೆದಾಗ ಅದನ್ನು ಸಂಘಟಿಸಿದ ಡೆನಿಸ್ ಹೇಯ್ಸ್ 25 ವರ್ಷದ ವಿದ್ಯಾರ್ಥಿ. ಕಾಲೇಜು ಮಕ್ಕಳಿಗೆ ಪರೀಕ್ಷೆಯ ತೊಂದರೆ ಆಗದಿರಲೆಂದೇ ಆ ತಾರೀಖನ್ನು ಆರಿಸಿದ್ದರು. ನಮ್ಮದೇ ನಾಡಿನ ಶಿರಸಿಯ ಬಳಿ 1983ರ ಸೆಪ್ಟೆಂಬರಿನಲ್ಲಿ ಮರಗಳನ್ನು ಅಪ್ಪಿ ನಿಂತ ಅಪ್ಪಿಕೋ ಚಳುವಳಿಯಲ್ಲಿ ಹಳ್ಳಿಯ ಯುವಜನರು ಮುಂದಿದ್ದರು.

ಇನ್ನು ಮನೆಯವರ ಆತಂಕದ ಮಾತು. ಅಂಕ ಕಡಿಮೆಯಾದೀತು ಎಂಬ ಭಯ ಸಹಜ. ವಾರಕ್ಕೆ ಎರಡು ಗಂಟೆಯ ಕೆಲಸದಿಂದ ಅಂಕ ಇಳಿಯುವುದಿಲ್ಲ. ಸರಾಸರಿ, ಶೇಕಡಾವಾರು, ನಕ್ಷೆ ಇವೆಲ್ಲ ಬಾವಿಯ ಕಟ್ಟೆಯ ಮೇಲೆ ಕಲಿತರೆ ಬೇಗ ಮರೆಯುವುದಿಲ್ಲ. ಮುಂದೆ ಇದೇ ದಾರಿಯಲ್ಲಿ ಓದಬೇಕೆನ್ನುವವರಿಗೆ ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಗಳಿವೆ, ಕೋಲಾರದ ಟಮಕದಲ್ಲೇ ತೋಟಗಾರಿಕಾ ಮಹಾವಿದ್ಯಾಲಯವಿದೆ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಅರಣ್ಯ ಪದವಿಯೇ ಬೇಕೆಂದಿಲ್ಲ. ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ ಓದಿದವರೂ ಕೃಷಿ, ಎಂಜಿನಿಯರಿಂಗ್ ಪದವೀಧರರೂ ಬರೆಯಬಹುದು.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ನಾವು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. “ಹುಡುಗಿ ಕೆರೆ ಏರಿಯ ಮೇಲೆ ಅಲೆಯುವುದು ಚೆನ್ನಾಗಿರದು” ಎನ್ನುವ ಮನೆಗಳಲ್ಲೇ, ನಲ್ಲಿಯಲ್ಲಿ ನೀರು ಬಾರದ ದಿನ ಕೊಡ ಹಿಡಿದು ಮೈಲಿ ನಡೆಯುವವಳು ಅದೇ ಹುಡುಗಿ. ನೀರು ಹೊರುವ ಕಷ್ಟ ಅವಳದಾದರೆ ನೀರಿನ ಲೆಕ್ಕ ಬರೆಯುವ ಅಧಿಕಾರವೂ ಅವಳದೇ ಆಗಬೇಡವೆ? ಮಕ್ಕಳು ಗಂಡಾಗಲಿ ಹೆಣ್ಣಾಗಲಿ, ಕೆರೆ ಬಾವಿಗಳ ಬಳಿ ಹೋಗುವಾಗ ಹಿರಿಯರೊಬ್ಬರು ಜೊತೆಗಿರಲೇಬೇಕು. ಹೂಳೆತ್ತಿದ ಕೆರೆಗಳಲ್ಲಿ ಗುಂಡಿಗಳ ಆಳ ಮೇಲಿನಿಂದ ತಿಳಿಯದು. ನಿವೃತ್ತರಾದ ತಾತಂದಿರು ಈ ಕೆಲಸಕ್ಕೆ ಒದಗಬಹುದು. ಯಾವ ಬಾವಿ ಯಾವ ವರ್ಷ ಬತ್ತಿತು, ಯಾವ ಕೆರೆ ಯಾವ ಮಳೆಗೆ ಕೋಡಿ ಬಿತ್ತು ಎಂಬುದು ಅವರ ನೆನಪಿನಲ್ಲಿ ಮಾತ್ರ ಉಳಿದಿದೆ. ಪುಸ್ತಕದ ಮೊದಲ ಪುಟಗಳಿಗೆ ಅದೇ ಬೇಕಾದದ್ದು.

ಶಾಲೆಗಳು ತೆರೆಯುವ ಜೂನ್ ತಿಂಗಳಿನಲ್ಲಿ ಸಂಘಗಳ ಹೊಸ ಪದಾಧಿಕಾರಿಗಳ ಆಯ್ಕೆ ನಡೆಯುತ್ತದೆ. ಶುಲ್ಕ ಕಟ್ಟಲು ಹೋದ ದಿನ, ತಮ್ಮ ಶಾಲೆಯ ಪರಿಸರ ಸಂಘ ಕಳೆದ ವರ್ಷ ಬರೆದ ಪುಸ್ತಕವನ್ನು ಒಮ್ಮೆ ತೋರಿಸಿರೆಂದು ಮುಖ್ಯೋಪಾಧ್ಯಾಯರನ್ನು ಪೋಷಕರು ವಿನಯದಿಂದ ಕೇಳಬಹುದು. ಪುಸ್ತಕ ಇಲ್ಲವೆಂದರೆ, ಎರಡು ಕ್ವೈರ್‌ನ ರಟ್ಟಿನ ನೋಟ್‌ಬುಕ್ ಒಂದನ್ನು ಅಲ್ಲಿಯೇ ಕೊಟ್ಟು ಬರಬಹುದು.